ಬಿಳಿಗೆ ತಿರುಗಿದ ಕರಿ ಬೆಲ್ಟು

ಪುಣೆಯ ನಿಗಡಿಯಲ್ಲಿ, ಓಟಾ ಸ್ಕೀಮು ಎಂಬ ದುಡಿಯುವವರ ವಸತಿಯಲ್ಲಿ ಹುಸೇನಪ್ಪನ ಕರಾಟೆಯ ಕರಿ ಬೆಲ್ಟನ್ನು ಕಾಣದವರು ಇರಲಿಲ್ಲ. ಕರಿ ಎನ್ನುವುದು ಹೆಸರಿಗೆ ಮಾತ್ರ. ಮೇಲಿನ ಕರಿ ಬಟ್ಟೆ ತೇದು ತೇದು, ಒಳಗಿನ ಬಿಳಿ ಹತ್ತಿ ಹೊರಬಿದ್ದು, ಅದು ವಾರ ಕ್ಷೌರ ಕಾಣದ ಮುದುಕನ ಗಲ್ಲದ ಹಾಗಿತ್ತು. ಸಂಜೆ ಆರಕ್ಕೆ ಸಮಾಜ ಮಂದಿರದ ಒಳಗೆ ಗೋಡೆಯ ಕಡೆ ಮುಖ ಮಾಡಿ, ಮಕ್ಕಳಿಗೆ ಬೆನ್ನು ತೋರಿಸಿ, ಅದನ್ನು ಸೊಂಟಕ್ಕೆ ಎರಡು ಸುತ್ತು ಸುತ್ತಿ ಗಂಟು ಬಿಗಿದು ಅವನು ಈ ಕಡೆ ತಿರುಗಿದನೆಂದರೆ, ಹೊರಗೆ ಕಟ್ಟೆಯ ಮೇಲೆ ಕೂತು ತಂಬಾಕು ತಿಕ್ಕುವ ಗಂಡಸರೂ ದನಿ ತಗ್ಗಿಸುತ್ತಿದ್ದರು.

ಹಗಲೆಲ್ಲ ಅವನು ಭೋಸರಿಯ ಒಂದು ಶೆಡ್ಡಿನಲ್ಲಿ ಬಫಿಂಗ್ ಕೆಲಸದವನು. ಸ್ಟೀಲಿನ ಪೈಪು, ಬಾಗಿಲ ಹಿಡಿಕೆ, ನಲ್ಲಿಗಳನ್ನು ಗಿರಗಿರ ತಿರುಗುವ ಚಕ್ರಕ್ಕೆ ಒತ್ತಿ ಹಿಡಿದು ಹೊಳಪು ತರುವುದು. ಮೊದಲು ಒರಟು ಚಕ್ರ, ಆಮೇಲೆ ಹಸಿರು ಮೇಣ ಹಚ್ಚಿದ ಬಟ್ಟೆಯ ಚಕ್ರ. ಐದಕ್ಕೆ ಹೊರಬಿದ್ದಾಗ ಅವನ ಮುಖದಲ್ಲಿ ಕಣ್ಣಿನ ಬಿಳಿಯೊಂದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ಮಸಿ. ಮೂವತ್ತು ವರ್ಷ ಅವನಿಂದ ದುಡಿಸಿಕೊಂಡ ಮಾಲೀಕ ‘ಏ ಬಫಿಂಗ್’ ಎಂದು ಕೂಗಿದನೇ ಹೊರತು ಒಂದು ದಿನ ಹೆಸರು ಹಿಡಿದು ಕರೆದವನಲ್ಲ. ಅಂಥ ಹುಸೇನಪ್ಪ ಆರು ಗಂಟೆಗೆ ‘ಸರ್’ ಆಗುತ್ತಿದ್ದ. ಆ ಒಂದೂವರೆ ತಾಸಿಗಾಗಿಯೇ ಅವನು ಉಳಿದ ಇಪ್ಪತ್ತೆರಡೂವರೆ ತಾಸು ಬದುಕುತ್ತಿದ್ದದ್ದು.

ಅವನ ಊರು ಶಹಾಪುರದ ಕಡೆ. ಹದಿನೇಳಕ್ಕೆ ರೈಲು ಹಳಿಗೆ ಜಲ್ಲಿ ತುಂಬುವ ಗ್ಯಾಂಗಿನ ಜೊತೆ ದೌಂಡಕ್ಕೆ ಬಂದಿದ್ದ. ಅಲ್ಲಿ ಎಂಜಿನ್ ಶೆಡ್ಡಿನ ಫಿಟ್ಟರ್ ಮಧುಕರ ಮಾಸ್ತರ ಎಂಬ ಮರಾಠಿಯವನು ಸಂಜೆ ಹೊತ್ತು ಗೋದಾಮಿನ ಹಿಂದೆ ಹತ್ತಾರು ಹುಡುಗರಿಗೆ ಕರಾಟೆ ಕಲಿಸುತ್ತಿದ್ದ. ಒಂಬತ್ತು ವರ್ಷ ಹುಸೇನಪ್ಪ ಅವನ ಕೈಯಲ್ಲಿ ಪೆಟ್ಟು ತಿಂದ. ಒಂಬತ್ತನೆಯ ವರ್ಷ ಮಾಸ್ತರ ಅವನ ಸೊಂಟಕ್ಕೆ ಹೊಸ ಕರಿ ಬೆಲ್ಟು ಕಟ್ಟಿದ. ಪ್ರಮಾಣಪತ್ರ ಕೇಳಿದರೆ, ಕಾಗದವನ್ನು ಇಲಿ ತಿನ್ನುತ್ತದೆ, ಬೆಲ್ಟು ನೋಡಿದವರಿಗೆ ಎಲ್ಲ ತಿಳಿಯುತ್ತದೆ ಹೋಗು ಎಂದು ನಕ್ಕ. ಮರುವರ್ಷ ಮಾಸ್ತರ ಸತ್ತ. ಹುಸೇನಪ್ಪ ಪುಣೆಗೆ ಬಂದ.

ಬಣ್ಣಗಳ ಅರ್ಥವನ್ನು ಅವನು ತನ್ನದೇ ರೀತಿಯಲ್ಲಿ ಹೇಳುತ್ತಿದ್ದ. ಜಪಾನಿನವರು ಏನು ಹೇಳುತ್ತಾರೋ ಅವನಿಗೆ ಬೇಕಿರಲಿಲ್ಲ.

“ಬಿಳಿ ಅಂದ್ರ ಬಿತ್ತದ ಹೊಲ. ಏನೂ ಇಲ್ಲ. ಹಳದಿ ಅಂದ್ರ ಆಗ ಮೂಡಿದ ಮೊಳಕಿ, ಕಾಲಿಟ್ರ ಸಾಯ್ತದ. ಹಸಿರು ಅಂದ್ರ ಪೈರು. ಕಂದು ಅಂದ್ರ ಹಾಲು ತುಂಬಿ ಬಲಿತ ಜೋಳದ ತೆನಿ. ಕರಿ ಅಂದ್ರ ನಮ್ಮ ಕಡಿ ಎರಿಭೂಮಿ. ಬೆಳೆ ಎಲ್ಲಾ ತಗದ ಮ್ಯಾಗ ಉಳಿಯೋ ಮಣ್ಣು. ಆ ಕರಿ ಮತ್ತ ಬೆಳ್ಳಗಾಗಬೇಕಂದ್ರ ಇಪ್ಪತ್ತು ವರ್ಷ ಬೆವರು ಸುರೀಬೇಕು. ನೋಡ್ರಿ ಇಲ್ಲಿ.” ಹೀಗೆಂದು ತನ್ನ ಬೆಲ್ಟಿನ ತುದಿ ಎತ್ತಿ ತೋರಿಸುತ್ತಿದ್ದ. ಮಕ್ಕಳು ಮೂಗಿನ ಮೇಲೆ ಬೆರಳಿಟ್ಟು ನೋಡುತ್ತಿದ್ದವು.

ಅವನ ಸಾಲಿನಲ್ಲಿ ಬಲತುದಿಗೆ ಮೇಲಿನ ಬಣ್ಣ, ಎಡತುದಿಗೆ ಬಿಳಿ. ಬೆಲ್ಟು ನೆಲಕ್ಕೆ ತಾಗಬಾರದು, ನೀರಿಗೆ ಬೀಳಬಾರದು. ಎಡತುದಿಯವರೇ ನೆಲ ಒರೆಸಬೇಕು. ತಪ್ಪಿದವರಿಗೆ ಬಿದಿರಿನ ಬೆತ್ತ. ಲಿಫ್ಟು ಕಟ್ಟುವ ಕೂಲಿಯವನ ಮಗಳು ಭಾಗ್ಯಾ ಒಮ್ಮೆ ವರಸೆಯ ನಡುವೆ ನಕ್ಕಳೆಂದು ಕೈಗೊಂದು ಇಟ್ಟಿಗೆ ಕೊಟ್ಟು, ಮೊಣಕಾಲು ಮಡಿಸಿ ನಿಲ್ಲಿಸಿದ್ದ. ಕಣ್ಣು ಕತ್ತಲೆ ಬಂದು ಬಿದ್ದಳು. ಎದ್ದವಳನ್ನು ಮತ್ತೆ ನಿಲ್ಲಿಸಿದ. ಆ ನಗುವಿಗಾಗಿ ಎರಡು ವರ್ಷ ಅವಳನ್ನು ಕಂದು ಬೆಲ್ಟಿನಲ್ಲೇ ಕೊಳೆಹಾಕಿದ. ಮುಂದೆ ಅವಳು ನಗಲಿಲ್ಲ. ಈಗ ಹದಿನೇಳರ ಹುಡುಗಿ, ಬಲತುದಿಯಲ್ಲಿ ಕಲ್ಲಿನ ಕಂಬದ ಹಾಗೆ ನಿಲ್ಲುತ್ತಿದ್ದಳು. ಅದನ್ನು ಕಂಡು ಹುಸೇನಪ್ಪನಿಗೆ ಹೆಮ್ಮೆ.

ಆದರೆ ಅವನ ಕೈಯಿಂದ ಮೊದಲು ಕರಿ ಬೆಲ್ಟು ಕಟ್ಟಿಸಿಕೊಂಡವನು ಕಿಶೋರ. ಹದಿಮೂರು ವರ್ಷದ ಹಿಂದಿನ ಮಾತು. ಆಳಂದದ ಕಡೆಯ ಗೌಂಡಿ ಅಂಬಾರಾಯನ ಮಗ, ಆಗ ಹದಿನಾಲ್ಕು. ಬೆಲ್ಟು ಕಟ್ಟಿದ ವಾರಕ್ಕೇ ಹುಡುಗ ಬಂದಾಗ ಅದರ ತುದಿಗಳಲ್ಲಿ ಬಿಳಿ ಹತ್ತಿ ಇಣುಕುತ್ತಿತ್ತು. ಹುಸೇನಪ್ಪ ನೋಡಿದ. ಬೆತ್ತ ಎತ್ತಲಿಲ್ಲ. ಗೋಡೆಯ ಮೇಲಿದ್ದ ಜೇಜುರಿ ಖಂಡೋಬಾನ ಪಟದ ಕೆಳಗಿನಿಂದ ಭಂಡಾರದ ಡಬ್ಬಿ ತಂದು, ಅರಿಶಿನದ ಪುಡಿಯನ್ನು ಹುಡುಗನ ಮುಂದೆ ಹಿಡಿದ.

“ಇದನ್ನ ಮುಟ್ಟಿ ಹೇಳು. ಬೆವರಿಲೆ ತೇದದ್ದೋ, ತಿಕ್ಕಿದ್ದೋ?”

ಹುಡುಗ ಡಬ್ಬಿಯನ್ನೇ ನೋಡಿದ. ಕೈ ಮುಂದೆ ಬರಲಿಲ್ಲ. “ತಿಕ್ಕೀನ್ರಿ ಸರ್. ಅರಬಿ ಒಗಿಯೋ ಕಲ್ಲಿಗೆ.”

“ಯಾಕ?”

“ನಿಮ್ಮದರಂಗ ಕಾಣ್ಲಿ ಅಂತ.”

ಬೇರೆ ಗುರುವಾಗಿದ್ದರೆ ಆ ಮಾತಿಗೆ ಕರಗಿಹೋಗುತ್ತಿದ್ದ. ಹುಸೇನಪ್ಪನಿಗೆ ಮೈಯೆಲ್ಲ ಉರಿಯಿತು. ಕರಿ ಬೆಲ್ಟು ಬಿಚ್ಚಿಸಿದ. ಬಿಳಿ ಬೆಲ್ಟು ಎಸೆದ. ಹುಡುಗ ಗೋಡೆಯ ಕಡೆ ತಿರುಗಿ ಅದನ್ನು ಕಟ್ಟಿಕೊಳ್ಳುವಾಗ ಇಡೀ ಸಾಲಿಗೆ ‘ತಿರುಗ್ರಿ’ ಎಂದ. ಕಿಶೋರ ಗಂಟು ಬಿಗಿದು ಈ ಕಡೆ ಮುಖ ಮಾಡಿದಾಗ ಕಂಡದ್ದು ಇಪ್ಪತ್ತು ಬೆನ್ನುಗಳು.

“ಆರು ತಿಂಗಳು ಎಡತುದಿ. ನೆಲ ಒರಸೂದು ನಿಂದು. ತುದ್ಯಾಗ ನಿಂತವನ ಬಾಯಿ ಮುಚ್ಚಿರಬೇಕು, ಕಣ್ಣು ತೆರದಿರಬೇಕು. ತಿಳೀತೇನು?”

“ಹೂಂ ಸರ್.”

ಅಂಬಾರಾಯ ಕೈಯ ಸಿಮೆಂಟನ್ನೂ ತೊಳೆಯದೆ ಓಡಿಬಂದಿದ್ದ. ಅವನಿಗೂ ಮಂಗಳಾರತಿಯಾಯಿತು. “ಗ್ವಾಡಿ ಸೊಟ್ಟ ಕಟ್ಟಿ ಗಿಲಾವು ಬಡದು ಮುಚ್ಚೋ ಮಂದಿ ನೀವು. ಮಗನೂ ಅದನ್ನ ಮಾಡ್ಯಾನ. ನಡಿ ಹೊರಗ.” ಮಕ್ಕಳ ಮುಂದೆಯೇ ಅಂದ. ಅಂಬಾರಾಯ ಚಪ್ಪಲಿ ಹುಡುಕಿಕೊಂಡು ಹೋದ.

ಆರನೆಯ ತಿಂಗಳ ಕಡೆಯ ದಿನ ಹುಸೇನಪ್ಪ ಒರೆಸಿದ ನೆಲದ ಮೇಲೆ ಒಂದು ಒದ್ದೆ ಹೆಜ್ಜೆ ತೋರಿಸಿದ. “ಇದೇನು? ಇನ್ನೆರಡು ತಿಂಗಳು.” ಕಿಶೋರ ಕೂತು ಅದನ್ನು ಒರೆಸಿದ. ಎಂಟು ತಿಂಗಳು ಮುಗಿದ ಮರುದಿನ ಅವನು ಆ ಮಂದಿರ ಬಿಟ್ಟು, ವಾಕಡದ ದೊಡ್ಡ ಕರಾಟೆ ಕ್ಲಬ್ಬಿಗೆ ಹೋದ.

ಇಷ್ಟು ಉರಿ ಯಾಕೆ ಎಂದು ಹುಸೇನಪ್ಪನಿಗೆ ಮಾತ್ರ ಗೊತ್ತಿತ್ತು.

ಪುಣೆಗೆ ಬಂದ ಹೊಸದರಲ್ಲಿ ಅವನ ಬೆಲ್ಟು ಕಾಗೆಯಷ್ಟು ಕಪ್ಪಗೆ, ಹೊಗೆಸೊಪ್ಪಿನ ಹಗ್ಗದಷ್ಟು ಬಿರುಸಾಗಿತ್ತು. ಆಕುರ್ಡಿಯಲ್ಲಿ ಇನ್ನೊಬ್ಬ ಮಾಸ್ತರನಿದ್ದ. ಅವನದು ತೇದು ಬೆಳ್ಳಗಾದ ಬೆಲ್ಟು. ಹುಡುಗರೆಲ್ಲ ಅವನ ಕಡೆ. ಇವನ ಸೊಂಟ ನೋಡಿದ ಒಬ್ಬ ತಂದೆ, ಇದನ್ನು ನಿನ್ನೆ ಸಂತೆಯಲ್ಲಿ ಕೊಂಡೆಯಾ ಎಂದು ಮರಾಠಿಯಲ್ಲಿ ಕೇಳಿ, ಮಗನ ಕೈ ಹಿಡಿದು ಎಳೆದುಕೊಂಡು ಹೋದ. ಒಂಬತ್ತು ವರ್ಷದ ಪೆಟ್ಟು ಆ ಒಂದು ಮಾತಿಗೆ ಸುಳ್ಳಾಯಿತು. ಮರುದಿನ ಊಟದ ಬಿಡುವಿನಲ್ಲಿ ಶೆಡ್ಡಿನಲ್ಲಿ ಯಾರೂ ಇಲ್ಲದಾಗ ಹುಸೇನಪ್ಪ ಹಸಿರು ಮೇಣದ ಕೈಯಲ್ಲೇ ಬೆಲ್ಟನ್ನು ಒಂದು ಪೈಪಿಗೆ ಹಗ್ಗದಂತೆ ಓರೆಯಾಗಿ ಬಿಗಿದು ಸುತ್ತಿ, ಒರಟು ಚಕ್ರಕ್ಕೆ ಮೆಲ್ಲಗೆ ಮುಟ್ಟಿಸಿದ. ಐದು ನಿಮಿಷ. ಇಪ್ಪತ್ತು ವರ್ಷದ ಬೆವರು ಐದು ನಿಮಿಷದಲ್ಲಿ ಮೇಲೆದ್ದು ಬಂತು. ಆ ತಿಂಗಳೇ ಹನ್ನೊಂದು ಹುಡುಗರು ಸೇರಿದರು.

ಆಮೇಲೆ ಮೂವತ್ತು ವರ್ಷ ನಿಜವಾಗಿಯೂ ಬೆವರು ಸುರಿಸಿದ್ದ. ಗಂಟಿನ ಜಾಗ ನಿಜವಾಗಿಯೂ ತೇದಿತ್ತು. ಯಾವುದು ಚಕ್ರದ್ದು, ಯಾವುದು ಬೆವರಿನದು ಎಂದು ಈಗ ಅವನಿಗೇ ಹೇಳಲು ಬರುತ್ತಿರಲಿಲ್ಲ. ಹೇಳಬೇಕಾಗುತ್ತದೆ ಎಂದು ಅವನು ಅಂದುಕೊಂಡೂ ಇರಲಿಲ್ಲ.

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಕಾಗದ ಬಂತು. ಸಮಾಜ ಮಂದಿರದಲ್ಲಿ ಕಲಿಸುವವರು ಕರಾಟೆ ಸಂಘದ ಒಪ್ಪಿಗೆ ಪತ್ರ ತರಬೇಕು, ಮಾರ್ಚ್ ಮೂವತ್ತೊಂದು ಕಡೆಯ ದಿನ, ತರದಿದ್ದರೆ ಜಾಗ ಬೇರೆಯವರಿಗೆ. ಪ್ರಮಾಣಪತ್ರ ಇಲ್ಲದ ಹಳೆಯ ಗುರುಗಳನ್ನು ಸಂಘದ ಪರೀಕ್ಷಕರು ನೋಡಿ, ಒಪ್ಪಿದರೆ ಸಹಿ ಮಾಡುತ್ತಾರೆ. ನಿಗಡಿ, ಆಕುರ್ಡಿ ಭಾಗಕ್ಕೆ ಪರೀಕ್ಷಕರು: ಕಿಶೋರ ಅಂಬಾರಾಯ.

ಹುಸೇನಪ್ಪ ಕಾಗದವನ್ನು ಮಡಿಸಿ ಅಂಗಿಯ ಜೇಬಿಗಿಟ್ಟ. ಹೆಂಡತಿ ಚಂದಮ್ಮ ರೊಟ್ಟಿ ಬಡಿಯುತ್ತಿದ್ದಳು.

“ಆ ಗೌಂಡಿ ಹುಡುಗ ಬರ್ತಾನಂತಲ್ಲ,” ಎಂದಳು. ಅವಳಿಗೆ ಸುದ್ದಿ ನಳದ ಹತ್ತಿರವೇ ಸಿಕ್ಕಿತ್ತು.

“ಬರ್ಲಿ. ನಾ ಕಲಿಸಿದ ಹುಡುಗ.”

“ನೀ ಏನು ಕಲಿಸಿದಿ ಅನ್ನೂದೇ ನನಗ ಅಂಜಿಕಿ.” ರೊಟ್ಟಿ ತಿರುವಿ ಹಾಕಿದಳು. “ಅವ ಬಂದ ಕೂಡ್ಲೇ ಖರೇ ಹೇಳಿಬಿಡು. ಕಾಲಿಗೆ ಬೀಳು ಅಂದ್ರ ಬೀಳು.”

“ಏನು ಖರೇ?”

“ಮದುವಿ ಆದ ವರ್ಷ ನಿನ್ನ ಬೆಲ್ಟಿಗೆ ಹಸಿರು ಮೇಣ ಹತ್ತಿತ್ತಲ್ಲ. ಕರಾಟಿ ಮಾಡಿದ್ರ ಮೇಣ ಹತ್ತತದೇನು? ಮೂವತ್ತು ವರ್ಷ ಒಂದ ದಿನ ಕೇಳೀನೇನು ನಾ?”

ಹುಸೇನಪ್ಪ ತಾಟು ದೂಡಿ ಎದ್ದ. “ಬಾಯಿ ಮುಚ್ಚು ಹುಚ್ಚಿ. ಊರ ತುಂಬ ಹೇಳ್ತಿಯೇನು?”

“ನಾ ಮುಚ್ಚೀನಿ. ಅವನೂ ಮುಚ್ಚಿದ್ರ ನಿನ್ನ ಪುಣ್ಯೇವು,” ಎಂದು ಅವಳು ಮುಂದಿನ ಉಂಡೆ ಕೈಗೆತ್ತಿಕೊಂಡಳು.

ಸೆಪ್ಟೆಂಬರಿನ ಕಡೆಯ ಭಾನುವಾರ ಬೆಳಿಗ್ಗೆ ಕಿಶೋರ ಬಂದ. ಇಪ್ಪತ್ತೇಳು ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಉಡುಪು, ಹೆಗಲಿಗೆ ಚೀಲ. ಬಾಗಿಲಲ್ಲಿ ಬಗ್ಗಿ ನಮಸ್ಕರಿಸಿದ. ಸೀದಾ ಬಂದು ಹುಸೇನಪ್ಪನ ಕಾಲು ಮುಟ್ಟಿದ. ಗೋಡೆಗೆ ಒರಗಿ ನಿಂತಿದ್ದ ತಾಯಿತಂದೆಯರು ‘ಹೆಂಗ ಅದ ನೋಡು ಸಂಸ್ಕಾರ’ ಎಂದುಕೊಂಡರು. ಹುಸೇನಪ್ಪನ ಎದೆಯ ಮೇಲಿನ ಬಂಡೆ ಒಂದು ಗೇಣು ಸರಿಯಿತು.

“ಆರಾಮ ಇದ್ದೀರಿಲ್ರಿ ಸರ್? ಮೊಣಕಾಲು ಹೆಂಗದ?”

“ನಡೀತದಪ್ಪ. ನಿಮ್ಮಪ್ಪ?”

“ಹೋದ್ರಲ್ರಿ ಸರ್. ಎರಡು ವರ್ಷ ಆತು.” ನಗುತ್ತಲೇ ಹೇಳಿದ. “ಅವ್ರು ಕಟ್ಟಿದ ಗ್ವಾಡಿ ಒಂದೂ ಸೊಟ್ಟ ಇಲ್ಲ. ನಾ ತೂಗುಗುಂಡು ಇಳಿಬಿಟ್ಟು ನೋಡೀನಿ.”

ಹುಸೇನಪ್ಪ ಬೆಲ್ಟಿನ ಗಂಟನ್ನು ಇನ್ನೊಮ್ಮೆ ಬಿಗಿದ.

ಮೊದಲು ವರಸೆ ತೋರಿಸಬೇಕೆಂದ ಕಿಶೋರ. ಹುಸೇನಪ್ಪ ಮಂದಿರದ ನಡುವೆ ಬಂದು ನಿಂತ. ಆ ಹೊತ್ತು ಅವನ ಮೈಯಲ್ಲಿ ದೌಂಡದ ಗೋದಾಮಿನ ಹಿಂದಿನ ಹುಡುಗ ಎದ್ದುಬಂದ. ಎಡಮೊಣಕಾಲು ಕಿರುಗುಟ್ಟಿದರೂ ಒಂದು ಹೆಜ್ಜೆ ಅತ್ತಿತ್ತ ಆಗಲಿಲ್ಲ. ಕಡೆಯ ಗುದ್ದಿಗೆ ಬಾಯಿಂದ ಹೊರಟ ಕೂಗಿಗೆ ಕಿಟಕಿಯ ಪಾರಿವಾಳಗಳು ಹಾರಿಹೋದವು. ಇಪ್ಪತ್ತಾರು ಮಕ್ಕಳು ಉಸಿರು ಬಿಟ್ಟವು.

“ತಪ್ಪು ತಗಿಯಾಕ ಜಾಗಾನೇ ಇಲ್ರಿ ಸರ್,” ಎಂದ ಕಿಶೋರ. ಅವನ ದನಿಯಲ್ಲಿ ಕೊಂಕಿರಲಿಲ್ಲ. “ಪುಣೇದಾಗ ಇಷ್ಟು ಚಂದ ಮಾಡೋರು ನಾಕು ಮಂದಿ ಇಲ್ಲ.”

ಅಲ್ಲಿಗೆ ಮುಗಿಸಬಹುದಿತ್ತು. ಕಿಶೋರ ಚೀಲದಿಂದ ಅರ್ಜಿ ತೆಗೆದ, ಪೆನ್ನಿನ ಮುಚ್ಚಳ ತೆಗೆದ. “ಒಂದ ಸಾಲು ಉಳದದ್ರಿ. ‘ಎಷ್ಟು ವರ್ಷದ ಸಾಧನೆ, ಅದಕ್ಕೆ ಆಧಾರ ಏನು.’ ನಿಮ್ಮ ಹತ್ರ ಕಾಗದ ಇಲ್ಲ. ಬೆಲ್ಟ ಅಂತ ಬರೀತೀನಿ.” ಹೀಗೆಂದು ಜೇಬಿನಿಂದ ಒಂದು ಚಿಕ್ಕ ಪೊಟ್ಟಣ ತೆಗೆದು ಬಿಚ್ಚಿದ. ಹಳದಿ ಭಂಡಾರ. “ನಿನ್ನೆ ಜೇಜುರಿಗೆ ಹೋಗಿದ್ದೆ. ಇದನ್ನ ಮುಟ್ಟಿ ಒಂದ ಮಾತು ಹೇಳ್ರಿ ಸರ್, ನಮ್ಮ ಮಂದಿರದ ಪದ್ಧತಿ. ಬೆವರಿಲೆ ತೇದದ್ದೋ, ತಿಕ್ಕಿದ್ದೋ? ಹೇಳಿದ ಕೂಡ್ಲೇ ಸಹಿ.”

ಹುಸೇನಪ್ಪ ಅರಿಶಿನವನ್ನು ನೋಡಿದ. ಮನೆತನದ ದೇವರು. ಮದುವೆಯಾದ ಮೇಲೆ ಚಂದಮ್ಮನನ್ನು ಹೆಗಲ ಮೇಲೆ ಹೊತ್ತು ಜೇಜುರಿಯ ಮೆಟ್ಟಿಲು ಹತ್ತಿದ್ದ. ಆಮೇಲೆ ಸಾಲನ್ನು ನೋಡಿದ. ಬಲತುದಿಯಲ್ಲಿ ಭಾಗ್ಯಾ ರೆಪ್ಪೆ ಬಡಿಯದೆ ನೋಡುತ್ತಿದ್ದಳು. ‘ಏ ಬಫಿಂಗ್’ ಎಂಬ ಕೂಗು ಕಿವಿಯಲ್ಲಿ ಕೇಳಿತು. ಮೂವತ್ತು ವರ್ಷ ಬೆವರು ಸುರಿಸಿದ್ದು ಸುಳ್ಳೇನು? ಸುಳ್ಳಲ್ಲ. ಹಾಗಿದ್ದರೆ ಈ ಮಾತೂ ಪೂರ್ತಿ ಸುಳ್ಳಲ್ಲ.

ಬೆರಳು ಅರಿಶಿನದಲ್ಲಿ ಅದ್ದಿ ಹಣೆಗೆ ಹಚ್ಚಿಕೊಂಡ. “ಬೆವರಿಲೆ ತೇದದ್ದು. ಖಂಡೋಬಾನ ಆಣಿ.”

ಕಿಶೋರ ಪೆನ್ನಿನ ಮುಚ್ಚಳ ಹಾಕಿದ.

“ಬಿಚ್ರಿ ಸರ್.”

“ಏನು?”

“ಬೆಲ್ಟು.”

ಅವನು ಮತ್ತೆ ಚೀಲಕ್ಕೆ ಕೈ ಹಾಕಿದ. ಹೊರಬಂದದ್ದು ಮೊಳದುದ್ದದ ಒಂದು ಸ್ಟೀಲ್ ಪೈಪು, ಕನ್ನಡಿಯ ಹಾಗೆ ಹೊಳೆಯುವಂಥದು. “ಅಳತಿ ಸರಿ ಅದೇನ್ರಿ? ನಾನು ಅಂದಾಜಿನ ಮ್ಯಾಗ ತಂದೀನಿ.”

ಹುಸೇನಪ್ಪನ ಕೈ ಗಂಟಿನ ಮೇಲೆ ಹೆಪ್ಪುಗಟ್ಟಿತು. ಕಿಶೋರನೇ ಬಂದು, ಮಗುವಿನ ಚಡ್ಡಿ ಬಿಚ್ಚುವಷ್ಟು ಸಲೀಸಾಗಿ ಗಂಟು ಬಿಚ್ಚಿ ಬೆಲ್ಟನ್ನು ಎಳೆದುಕೊಂಡ. ಮಕ್ಕಳ ಮುಂದೆ ಕೂತು, ಅದನ್ನು ಎತ್ತಿ ಬೆಳಕಿಗೆ ಹಿಡಿದ.

“ನೋಡ್ರಿ ಎಲ್ಲಾರೂ. ನನ್ನ ಬೆಲ್ಟು ನೋಡ್ರಿ ಮೊದಲು. ಗಂಟು ಬೀಳೋ ಜಾಗಾದಾಗ ಬೆಳ್ಳಗಾಗ್ಯಾದ, ಅಂಚು ತೇದದ. ಉಳದದ್ದು ಕಪ್ಪು. ಬೆವರು, ಎಳದಾಟ ಎಲ್ಲಿ ಬೀಳ್ತದೋ ಅಲ್ಲೇ ತೇಯ್ತದ. ಈಗ ಸರ್ ಅವರದು. ಬೆನ್ನ ಹಿಂದ ಒಳಪದರದಾಗ ಬರೋ ಭಾಗ ಇದು. ಇದಕ್ಕ ಯಾರ ಕೈನೂ ಹತ್ತಂಗಿಲ್ಲ. ಇಲ್ಲಿ ಓರೆ ಗೆರಿ ಕಾಣ್ತಾವಲ್ಲ, ಒಂದು ಬಿಳಿ, ಒಂದು ಕರಿ, ಒಂದು ಬಿಳಿ, ಒಂದು ಕರಿ? ಹಾವಿನ ಮೈಯಂಗ?”

ಪೈಪಿಗೆ ಬೆಲ್ಟನ್ನು ಓರೆಯಾಗಿ ಸುತ್ತುತ್ತ ಹೋದ. ಒಂದು ಸುತ್ತಿನ ಅಂಚು ಇನ್ನೊಂದರ ಮೇಲೆ ಕೂತಿತು. ಕರಿ ಗೆರೆಗಳೆಲ್ಲ ಅಡಿಗೆ ಹೋದವು. ಬಿಳಿ ಗೆರೆಗಳು ಒಂದಕ್ಕೊಂದು ಕೂಡಿ, ಪೈಪಿನ ಮೇಲೆ ಸುಣ್ಣ ಬಳಿದ ಹಾಗೆ ಒಂದೇ ಬಿಳಿ. ಅದರ ಸಂದಿಯಲ್ಲಿ ಎಲ್ಲೋ ಒಂದು ಕೂದಲೆಳೆಯಷ್ಟು ಹಸಿರು ಮೇಣ.

ಒಬ್ಬ ಹುಡುಗ ‘ಆಯ್ಲಾ’ ಎಂದು ಉದ್ಗರಿಸಿದ. ಗೋಡೆಯ ಹತ್ತಿರ ಯಾರೋ ಮೂಗಿನಲ್ಲಿ ನಕ್ಕರು.

“ಯಾವಾಗಿಂದ ಗೊತ್ತು ನಿನಗ?” ಹುಸೇನಪ್ಪನ ದನಿ ಅವನದಾಗಿ ಉಳಿದಿರಲಿಲ್ಲ.

“ಎರಡನೇ ತಿಂಗಳಿಂದ ಸರ್. ನೀವು ಬೆಲ್ಟ ಮೊಳಿಗೆ ಹಾಕಿ ಚಾ ಕುಡಿಯಾಕ ಹೋಗ್ತಿದ್ರಿ, ನಾ ಅದರ ಬುಡಕ್ಕ ನೆಲ ಒರಸ್ತಿದ್ದೆ. ತುದ್ಯಾಗ ನಿಂತವನ ಬಾಯಿ ಮುಚ್ಚಿರಬೇಕು, ಕಣ್ಣು ತೆರದಿರಬೇಕು ಅಂದಿದ್ರಲ್ಲ. ಹದಿಮೂರು ವರ್ಷ ಹಂಗ ಮಾಡೀನಿ.” ಪೈಪನ್ನು ಹುಸೇನಪ್ಪನ ಕಾಲ ಬಳಿ ನೆಲದ ಮೇಲೆ ಇಟ್ಟ. ಬೆಲ್ಟು ನೆಲಕ್ಕೆ ತಾಗಿತು. “ನಾ ಭಂಡಾರ ಮುಟ್ಟಲಿಲ್ಲ. ಖರೇ ಹೇಳಿದೆ. ನೀವು ದೇವರ ಆಣಿ ಮಾಡಿದ್ರಿ. ಶಿಕ್ಷಾ ಹಾಕೂದು ಈ ಮಂದಿರದಾಗ ನಿಮ್ಮದೇ ಕೆಲಸ. ನೀವೇ ಹೇಳ್ರಿ, ಎಷ್ಟು?”

ಹುಸೇನಪ್ಪ ಬಾಗಿಲ ಕಡೆ ನೋಡಿದ. ಹತ್ತು ಹೆಜ್ಜೆ. ಹೋಗಿಬಿಡಬಹುದಿತ್ತು. ಹೋದರೆ ನಾಳೆ ಸಂಜೆ ಆರು ಗಂಟೆಗೆ ಎಲ್ಲಿರುವುದು? ಮಸಿ ಮುಖ ತೊಳೆದು ಏನು ಮಾಡುವುದು?

“ಆರು ತಿಂಗಳು,” ಎಂದ.

“ಆರೇ ಆಗ್ಲಿ. ಎಡತುದಿ, ನೆಲ ಒರಸೂದು. ಮಾರ್ಚ ಮೂವತ್ತಕ್ಕ ಮುಗೀತದ. ಮರುದಿನ ಕಡೀ ದಿನ. ಅರ್ಜಿ ನನ್ನ ಹತ್ರ ಇರ್ತದ, ಸಹಿ ಮಾಡ್ತೀನಿ, ಕರಿ ಬೆಲ್ಟ ನಿಮ್ಮ ಸೊಂಟಕ್ಕ, ಮಂದಿರ ನಿಮ್ಮ ಹೆಸರಿಗೆ. ತಪ್ಪಿದ್ರ ಮಂದಿರ ಬಲತುದಿಯವರಿಗೆ.” ಚೀಲದಿಂದ ಹೊಸ ಬಿಳಿ ಬೆಲ್ಟು ತೆಗೆದುಕೊಟ್ಟ. ಅದನ್ನೂ ತಂದಿದ್ದ.

ಹುಸೇನಪ್ಪ ಗೋಡೆಯ ಕಡೆ ತಿರುಗಿದ. ಬಿರುಸು ಬೆಲ್ಟು, ಗಂಟು ಕೂರಲೊಲ್ಲದು. ಹಿಂದೆ ಯಾರೂ ‘ತಿರುಗ್ರಿ’ ಎನ್ನಲಿಲ್ಲ. ಕಿಶೋರ ಬಾಯಿ ತೆರೆದಿರಲಿಲ್ಲ. ಆದರೂ ಇಪ್ಪತ್ತಾರು ಜೊತೆ ಬರಿಗಾಲು ನೆಲದ ಮೇಲೆ ಒಟ್ಟಿಗೆ ಉಜ್ಜಿದ ಸದ್ದು ಕೇಳಿತು. ಅವನು ಮುಖ ತಿರುಗಿಸಿದಾಗ ಕಂಡದ್ದು ಬೆನ್ನುಗಳು. ಮೊದಲು ತಿರುಗಿದವಳು ಭಾಗ್ಯಾ ಎಂದು ಅವಳ ನಿಲುವಿನಿಂದಲೇ ತಿಳಿಯಿತು. ಉಳಿದವರು ಅವಳನ್ನು ನೋಡಿ ತಿರುಗಿದ್ದರು. ಎಷ್ಟು ಚೊಕ್ಕ ತಿರುಗಿದ್ದರು! ಅವನೇ ಕಲಿಸಿದ್ದು.

ಆರು ತಿಂಗಳು ಎನ್ನುವುದು ಬಾಯಲ್ಲಿ ಸಣ್ಣ ಮಾತು. ಶೆಡ್ಡಿನಲ್ಲಿ ಎಂಟು ತಾಸು ನಿಂತು ಬಂದು, ಮೊಣಕಾಲೂರಿ ಮಂದಿರದ ನೆಲ ಒರೆಸಬೇಕು. ಏಳು ವರ್ಷದ ಚಿನ್ನು ಎಂಬ ಹುಡುಗಿಗಿಂತಲೂ ಎಡಕ್ಕೆ ನಿಲ್ಲಬೇಕು. ಓಟಾ ಸ್ಕೀಮಿನವರು ಬಿಡುವರೇ? ಕಟ್ಟೆಯವರು ಈಗ ದನಿ ತಗ್ಗಿಸುತ್ತಿರಲಿಲ್ಲ. ‘ಪೈಪ್ ಮಾಸ್ತರ ಬಂದ’ ಎಂದು ಒಬ್ಬ, ‘ನನ್ನ ಹೊಸಾ ಚಪ್ಪಲಿ ಹಳೇದು ಕಾಣೂಹಂಗ ಮಾಡ್ತೀಯೇನೋ’ ಎಂದು ಇನ್ನೊಬ್ಬ. ಸುದ್ದಿ ಭೋಸರಿಗೂ ಮುಟ್ಟಿತು. ಅಲ್ಲಿಯ ಹುಡುಗರು ಚಕ್ರದ ಪಕ್ಕದಲ್ಲಿ ಹರಿದ ಚಡ್ಡಿಯ ಲಾಡಿಯೊಂದನ್ನು ಪೈಪಿಗೆ ಸುತ್ತಿಟ್ಟು ಹೋಗುತ್ತಿದ್ದರು. ಚಂದಮ್ಮ ಎಂದಿನಂತೆ ರೊಟ್ಟಿ ಬಡಿದು ತಾಟು ಮುಂದಿಡುತ್ತಿದ್ದಳು. ಅದು ಎಲ್ಲಕ್ಕಿಂತ ಕೆಟ್ಟದಾಗಿತ್ತು.

ಕಿಶೋರ ಬರುವುದು ಭಾನುವಾರ ಮಾತ್ರ. ಉಳಿದ ದಿನ ಭಾಗ್ಯಾಳ ಕೈಯಲ್ಲಿ. ಡಿಸೆಂಬರಿನಲ್ಲಿ ಅವಳಿಗೆ ಕರಿ ಬೆಲ್ಟಾಯಿತು. ಬಿದಿರಿನ ಬೆತ್ತ ಅವಳ ಕೈಗೆ ಬಂತು. ಅವಳು ಅದನ್ನು ಹುಸೇನಪ್ಪನ ಮೇಲೆ ಎತ್ತಲಿಲ್ಲ. ಅವನ ಮಂಡಿ ಸರಿಯಾಗಿ ಮಡಿಸದಿದ್ದಾಗ ಬೆತ್ತದ ತುದಿಯಿಂದ ಮುಟ್ಟಿ ತೋರಿಸುತ್ತಿದ್ದಳು, ಅಷ್ಟೇ. ಅವನು ಇನ್ನಷ್ಟು ಮಡಿಸುತ್ತಿದ್ದ. ದಿನ ಎಣಿಸುತ್ತಿದ್ದ. ನವೆಂಬರ್ ಮುಗಿಯಿತು, ಸಂಕ್ರಮಣದ ಎಳ್ಳು ಬೆಲ್ಲ ಮುಗಿಯಿತು, ಹೋಳಿ ಮುಗಿಯಿತು. ಒಂದು ದಿನ ತಪ್ಪಿಸಲಿಲ್ಲ. ಜ್ವರದಲ್ಲೂ ಬಂದ.

ಮಾರ್ಚ್ ಮೂವತ್ತು ಬಂತು. ಅಂದು ಹುಸೇನಪ್ಪ ನಾಲ್ಕಕ್ಕೇ ಶೆಡ್ಡಿನಿಂದ ಹೊರಟುಬಂದ. ಕ್ಷೌರ ಮಾಡಿಸಿಕೊಂಡ. ಮಂದಿರದ ನೆಲವನ್ನು ಎರಡು ಸಲ ಒರೆಸಿದ. ಮೂಲೆ ಮೂಲೆಗೂ ಬಟ್ಟೆ ತೂರಿಸಿ ಒರೆಸಿದ. ಕಿಶೋರ ಅರ್ಜಿ ಹಿಡಿದು ಬಾಗಿಲ ಹತ್ತಿರ ಬೆಂಚಿನ ಮೇಲೆ ಕೂತಿದ್ದ, ಪೆನ್ನಿನ ಮುಚ್ಚಳ ತೆಗೆದೇ ಇತ್ತು. ಗೋಡೆಯ ಮೊಳೆಗೆ ಹಳೆಯ ಬೆಲ್ಟು ತೂಗುತ್ತಿತ್ತು.

ಸಾಲು ನಿಂತಿತು. ಭಾಗ್ಯಾ ಬಲತುದಿಯಿಂದ ಹೊರಟು ಒಬ್ಬೊಬ್ಬರನ್ನೇ ನೋಡುತ್ತ ಎಡತುದಿಗೆ ಬಂದಳು. ಹುಸೇನಪ್ಪನ ಮುಂದೆ ನಿಂತಳು. ಅವನ ಮುಖದಲ್ಲಿ ಸಣ್ಣ ನಗು ಬಂದಿತ್ತು. ತಡೆಯಲಾಗಲಿಲ್ಲ.

ಅವಳು ಬೆತ್ತದ ತುದಿಯಿಂದ ಅವನ ಹಿಂದಿನ ನೆಲ ತೋರಿಸಿದಳು.

“ಇದೇನು?”

ಒಂದು ಒದ್ದೆ ಹೆಜ್ಜೆ. ಚೊಕ್ಕ ಒರೆಸಿದ ಕಲ್ಲಿನ ಮೇಲೆ, ಐದೂ ಬೆರಳು ಕಾಣುವಷ್ಟು ಚೊಕ್ಕ.

“ಇನ್ನೆರಡು ತಿಂಗಳು,” ಎಂದಳು ಭಾಗ್ಯಾ.

ಹುಸೇನಪ್ಪ ಆ ಹೆಜ್ಜೆಯನ್ನು ನೋಡಿದ. ಸಣ್ಣ ಪಾದ, ಹೆಬ್ಬೆರಳು ಒಳಕ್ಕೆ ತಿರುಗಿದ್ದು. ಒಳಕ್ಕೆ ತಿರುಗಿಸಿ ನಿಲ್ಲು ಎಂದು ಎಂಟು ವರ್ಷ ಬೆತ್ತ ಹೊಡೆದು ಅವನೇ ತಿದ್ದಿದ ಪಾದ ಅದು. ಬಕೆಟ್ಟಿನ ಹತ್ತಿರದಿಂದ ನಡೆದು ಬಂದವಳು ಯಾರು ಎಂದು ಬಾಯಿ ಬಿಟ್ಟು ಹೇಳಬಹುದಿತ್ತು. ಹದಿಮೂರು ವರ್ಷದ ಹಿಂದೆ ಕಿಶೋರನಿಗೆ ತೋರಿಸಿದ ಆ ಒದ್ದೆ ಹೆಜ್ಜೆ ಯಾರದಾಗಿತ್ತು ಎಂಬುದೂ ಅವನಿಗೆ ಗೊತ್ತಿತ್ತು. ಅಂದು ಬಕೆಟ್ಟಿನಲ್ಲಿ ಕಾಲು ಅದ್ದಿದವನು ಅವನೇ.

ಬೆಂಚಿನ ಮೇಲೆ ಪೆನ್ನಿನ ಮುಚ್ಚಳ ಹಾಕಿದ ಸದ್ದಾಯಿತು. ಕಿಶೋರ ಅರ್ಜಿಯ ಮೇಲಿನ ಹೆಸರನ್ನು ಹೊಡೆದು ಹಾಕಲೂ ಹೋಗಲಿಲ್ಲ. ಇನ್ನೊಂದು ಅರ್ಜಿ ಅವನ ಚೀಲದಲ್ಲಿ ಸಿದ್ಧವಿತ್ತು. ಭಾಗ್ಯಾಳ ಹೆಸರಿನದು.

“ಕೇಳಿಸ್ತೇನು?” ಎಂದಳು ಅವಳು.

“ಕೇಳಿಸ್ತರಿ,” ಎಂದ ಹುಸೇನಪ್ಪ.

ಬಟ್ಟೆ ತೆಗೆದುಕೊಂಡು, ಮೊಣಕಾಲು ಕೈಯಿಂದ ಹಿಡಿದು ಮೆಲ್ಲಗೆ ಕೂತ. ಹೆಜ್ಜೆಯನ್ನು ಹಿಮ್ಮಡಿಯಿಂದ ಬೆರಳಿನವರೆಗೆ ಒರೆಸಿದ. ಬಗ್ಗಿದಾಗ ಬಿಳಿ ಬೆಲ್ಟು ಕಣ್ಣಿಗೆ ಬಿತ್ತು. ಗಂಟಿನ ಜಾಗದಲ್ಲಿ ಬೆವರು, ನೆಲದ ಕೊಳೆ, ಕೈಯ ಮಸಿ ಕೂಡಿ ಎರಡು ಬೆರಳಗಲ ಕಪ್ಪಗಾಗಿತ್ತು. ಗಂಟಿನ ಜಾಗದಲ್ಲಿ ಮಾತ್ರ. ಅವನು ಅದನ್ನು ಒಂದು ಗಳಿಗೆ ನೋಡಿ, ಬಟ್ಟೆಯನ್ನು ಬಕೆಟ್ಟಿನಲ್ಲಿ ಹಿಂಡಿ, ಎಡತುದಿಗೆ ಹೋಗಿ ನಿಂತ.